ದೇವಕಿಯ ಹೆಸರಿನ ಹಲ್ಲು

ಸಾಸಿವೆಕಾಳಿನಷ್ಟು ಒಂದು ಹಲ್ಲು. ಅದೂ ಇಲಿಯದ್ದು. ಅದಕ್ಕಾಗಿ ಒಬ್ಬಳು ಹೆಂಗಸು ನಾಲ್ಕು ದಿನ ಸರಿಯಾಗಿ ಅನ್ನ ಉಣ್ಣಲಿಲ್ಲ ಅಂದರೆ ನಿಮಗೆ ನಗು ಬರುತ್ತದೆ. ನಗಿ, ಬೇಡ ಅನ್ನುವುದಿಲ್ಲ; ಅವಳ ಊರು ಮನ್ಮನೆಯಲ್ಲೂ ಎಲ್ಲರೂ ನಕ್ಕವರೇ. ಆದರೆ ಆ ಹಲ್ಲಿಗೆ ಆ ಹೆಂಗಸಿನದೇ ಹೆಸರಿಟ್ಟಿದ್ದರು ಅನ್ನುವುದನ್ನು ಮೊದಲು ಕೇಳಿಕೊಳ್ಳಿ. ಆಮೇಲೆ ನಗುವುದೋ ಬಿಡುವುದೋ ನಿಮ್ಮಿಷ್ಟ.

ಇದು ನಡೆದ ೨೦೦೪ರಲ್ಲಿ ದೇವಕಿಗೆ ಮೂವತ್ತೊಂಬತ್ತು. ಓದಿದ್ದು ಎಸ್ಸೆಸ್ಸೆಲ್ಸಿ. ಮದುವೆ ಮಾತು ಎರಡು ಸಲ ಬಂದು ಎರಡು ಸಲವೂ ಜಾತಕದ ಹತ್ತಿರ ಮುರಿದುಬಿದ್ದು, ಮೂರನೆಯ ಸಲ ಅವಳೇ "ಸಾಕು ಮಾರಾಯ್ರೆ" ಅಂದುಬಿಟ್ಟಿದ್ದಳು. ಅಣ್ಣ ವೆಂಕಟ್ರಮಣನ ಮನೆಯಲ್ಲಿ ಇದ್ದುಕೊಂಡು ಸುಗ್ಗಿಯಲ್ಲಿ ಅಡಿಕೆ ಸುಲಿಯುವುದು, ಬೇಯಿಸುವುದು, ಒಣಗಿದ್ದನ್ನು ರಾಶಿ, ಬೆಟ್ಟೆ, ಗೊರಬಲು ಅಂತ ವಿಂಗಡಿಸುವುದು ಅವಳ ಕೆಲಸ. ಈ ವಿಂಗಡಣೆಯಲ್ಲಿ ಅವಳನ್ನು ಮೀರಿಸುವವರು ಸಿದ್ದಾಪುರ ಸೀಮೆಯಲ್ಲಿ ಇರಲಿಲ್ಲ. ಅಡಿಕೆ ಅವಳ ಬೆರಳಿಗೆ ತಾಗುವ ಮೊದಲೇ ಯಾವ ಬುಟ್ಟಿಗೆ ಹೋಗಬೇಕು ಅಂತ ತೀರ್ಮಾನವಾಗಿರುತ್ತಿತ್ತು.

೧೯೯೩ರಲ್ಲಿ ಚಂದ್ರಶೇಖರಪ್ಪ ಸರ್ ಕಂಡದ್ದು ಅದನ್ನೇ. ಅವರು ಬನವಾಸಿ ಕಡೆಯವರು, ಶಿರಸಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಪಕ್ಕದ ಮನೆಗೆ ಹಾವು ಹಿಡಿಯುವ ವಿಷಯಕ್ಕೆ ಬಂದವರು ಇವರ ಅಂಗಳದಲ್ಲಿ ನಿಂತು ಅರ್ಧ ತಾಸು ಇವಳ ಕೈಯನ್ನೇ ನೋಡಿದರು. ಹೋಗುವಾಗ ವೆಂಕಟ್ರಮಣನಿಗೆ ಹೇಳಿದರು: "ನಿಮ್ಮ ತಂಗಿ ಕಣ್ಣು ನನಗ ಬೇಕ್ರಿ. ಅಡಕಿ ಬದಲಿ ಹಲ್ಲು ಆರಿಸ್ಲಿ."

ಇಲಿಗಳ ಹಲ್ಲು! ಇಂಥ ಉದ್ಯೋಗವೂ ಒಂದಿದೆ ಅಂತ ಯಾರಿಗೆ ಗೊತ್ತಿತ್ತು? ಯಲ್ಲಾಪುರದ ಆಚೆ, ಇಡಗುಂದಿ ದಾಟಿ ಅರಬೈಲ್ ಘಟ್ಟ ಇಳಿಯುವಲ್ಲಿ, ರಸ್ತೆ ಬಿಟ್ಟು ಎರಡು ಮೈಲು ಕಾಡಿನಲ್ಲಿ ನಡೆದರೆ ಒಂದು ಗವಿ. ಆ ಗವಿಯಲ್ಲಿ ಸಾವಿರಾರು ವರ್ಷ ಗೂಬೆಗಳು ಕೂತು ಇಲಿ ತಿಂದು, ಜೀರ್ಣವಾಗದ ಮೂಳೆ ಹಲ್ಲುಗಳನ್ನು ಉಂಡೆ ಕಟ್ಟಿ ಕಕ್ಕಿದ್ದವು. ಉಂಡೆ ಪುಡಿಯಾಗಿ ಮಣ್ಣಾಗಿತ್ತು. ಆ ಮಣ್ಣನ್ನು ಚೀಲದಲ್ಲಿ ತರುವುದು, ನೀರಲ್ಲಿ ನೆನೆಸಿ ಸಣ್ಣ ಜರಡಿಯಲ್ಲಿ ತೊಳೆಯುವುದು, ಒಣಗಿಸಿ ಮೈಕ್ರೋಸ್ಕೋಪಿನ ಕೆಳಗೆ ಹರಡುವುದು, ಒದ್ದೆ ಕುಂಚದ ತುದಿಯಲ್ಲಿ ಒಂದೊಂದೇ ಹಲ್ಲು ಎತ್ತಿ ಬೇರೆ ಮಾಡುವುದು. ಆಮೇಲೆ ಅದರ ಚಿತ್ರ ಬರೆಯುವುದು. ಇಲಿ ಸತ್ತು ಮೈಯೆಲ್ಲ ಮಣ್ಣಾದರೂ ಹಲ್ಲು ಉಳಿಯುತ್ತದೆ. ದವಡೆ ಹಲ್ಲಿನ ಮೇಲೆ ಏಣು, ಅಂದರೆ ಉಬ್ಬಿದ ಗೆರೆ, ಎಷ್ಟು, ಎತ್ತ ಓರೆ, ಎಲ್ಲಿ ಕೂಡಿಕೊಂಡಿವೆ ಅನ್ನುವುದರ ಮೇಲೆ ಅದು ಯಾವ ಜಾತಿ ಅಂತ ಹೇಳಬಹುದು. ಆರು ತಿಂಗಳಲ್ಲಿ ದೇವಕಿ ಸರ್‌ಗಿಂತ ಮೊದಲು ಹೇಳತೊಡಗಿದಳು.

ಸರ್‌ಗೆ ಒಂದು ಹುಚ್ಚು. ಹುಚ್ಚು ಅಂತ ಅವರ ಹೆಂಡತಿ ಅನ್ನಪೂರ್ಣವ್ವನ ಮಾತು, ನನ್ನದಲ್ಲ. ಡಾರ್‌ಮೌಸ್ ಅಂತ ಒಂದು ಜೀವ. ಮರದ ಮೇಲೇ ಬದುಕುವ, ಬಾಲಕ್ಕೆ ಕುಚ್ಚು ಇರುವ ಇಲಿ. ಅದರ ದೂರದ ನೆಂಟ ಒಂದು ನಮ್ಮ ಘಟ್ಟದಲ್ಲಿ ಈಗಲೂ ಇದೆ: ಬೆನ್ನ ಮೇಲೆ ಮುಳ್ಳುಗೂದಲು, ಕಾಳುಮೆಣಸು ಕಂಡರೆ ಬಿಡುವುದಿಲ್ಲ, ಮನುಷ್ಯರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಮುಳ್ಳಿಲಿ ಅನ್ನೋಣ. ಈ ಮುಳ್ಳಿಲಿಗೆ ಒಬ್ಬ ಅಳಿದುಹೋದ ಅಣ್ಣನೋ ಅಜ್ಜನೋ ಇರಲೇಬೇಕು, ಅದರ ಹಲ್ಲು ಇದೇ ಗವಿಯಲ್ಲಿ ಸಿಗಬೇಕು ಅನ್ನುವುದು ಸರ್ ಕಟ್ಟಿಕೊಂಡ ಆಸೆ. ಇಪ್ಪತ್ತು ವರ್ಷ ಹುಡುಕಿದರು. ಹುಡುಕುತ್ತ ಹುಡುಕುತ್ತ ಕಣ್ಣಿನ ಒತ್ತಡ ಏರಿ ಬಲಗಣ್ಣು ಹೋಯಿತು, ಎಡಗಣ್ಣು ಮಬ್ಬಾಯಿತು.

ಸಿಕ್ಕಿದ್ದು ೨೦೦೧ರ ಮಾರ್ಚಿನಲ್ಲಿ. ಸಿಕ್ಕಿದ್ದು ದೇವಕಿಗೆ. ನಾಲ್ಕು ದವಡೆ ಹಲ್ಲು, ಕಪ್ಪು ಕಂದು, ಎಣ್ಣೆ ಸವರಿದ ಹಾಗೆ ಮಿರಮಿರ. ಏಣುಗಳು ಮುಳ್ಳಿಲಿಯ ಹಾಗೆ ಓರೆಯಾಗಿ ಬಿಡಿಬಿಡಿ ಇರಲಿಲ್ಲ. ಒಂದಕ್ಕೊಂದು ಕೂಡಿ ಬಳೆಯ ಹಾಗೆ ಸುತ್ತಿದ್ದವು. ಹೋಲಿಸಿ ನೋಡುವುದಕ್ಕೆ ಇದ್ದದ್ದು ಪುಸ್ತಕದಲ್ಲಿದ್ದ ಒಂದೇ ಒಂದು ಚಿತ್ರ, ಎಳೆಯ ಮುಳ್ಳಿಲಿಯದ್ದು. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಸರ್ ಎಡಗಣ್ಣನ್ನು ಮೈಕ್ರೋಸ್ಕೋಪಿಗೆ ಒತ್ತಿ ಒಂದು ತಾಸು ನೋಡಿ, ತಲೆ ಎತ್ತಿ ಹೇಳಿದ ಮಾತು ದೇವಕಿಗೆ ಇವತ್ತಿಗೂ ನೆನಪಿದೆ. "ಬಣ್ಣ ನೋಡ್ರಿ ದೇವಕಿ, ಬಣ್ಣ! ಎಷ್ಟು ಹಳೇದಿರಬೇಕು!"

ಅವರು ಕಣ್ಣಾರೆ ಕಂಡ ಕೊನೆಯ ಹಲ್ಲು ಅದೇ. ಮುಂದಿನದೆಲ್ಲ ದೇವಕಿಯ ಕಣ್ಣು, ದೇವಕಿಯ ಚಿತ್ರ, ಸರ್ ಬಾಯಲ್ಲಿ ಹೇಳಿದ್ದು ದೇವಕಿ ಬರೆದದ್ದು. ಹೊರದೇಶದ ಪತ್ರಿಕೆಯೊಂದು ಚಿತ್ರ ನೋಡಿ ಒಪ್ಪಿತು. ೨೦೦೩ರಲ್ಲಿ ಅಚ್ಚಾಯಿತು. ಅಳಿದುಹೋದ ಹೊಸ ಜಾತಿ; ಸರ್ ಅದಕ್ಕೆ ಇಟ್ಟ ಹೆಸರಿನ ಎರಡನೆಯ ಭಾಗ 'ದೇವಕೀ'. ಅವರು ತಮ್ಮ ಹೆಸರು ಇಟ್ಟುಕೊಳ್ಳಬಹುದಿತ್ತು, ಹೆಂಡತಿಯದು ಇಡಬಹುದಿತ್ತು. ಹಂಗಾಮಿ ಸಹಾಯಕಿಯ ಹೆಸರಿಟ್ಟರು. ಪೇಪರಿನಲ್ಲಿ ದೇವಕಿಯ ಫೋಟೋ ಬಂದಾಗ ಅವಳ ತಾಯಿ, ಅವಳ ಬಾಯಲ್ಲಿ ಆಯಿ, ಅದನ್ನು ಕತ್ತರಿಸಿ ದೇವರ ಪಟದ ಹಿಂದೆ ಸಿಕ್ಕಿಸಿಟ್ಟಳು.

ಇನ್ನು ವಿಷಯಕ್ಕೆ ಬರುತ್ತೇನೆ. ೨೦೦೪ರ ಮಾರ್ಚ್ ಇಪ್ಪತ್ತೆಂಟು, ಭಾನುವಾರ, ಸರ್‌ಗೆ ಬೀಳ್ಕೊಡುಗೆ. ಸರ್ ನಿವೃತ್ತರಾದರೆ ಆ ಕೋಣೆಗೆ ಬೀಗ, ದೇವಕಿ ವಾಪಸು ಅಣ್ಣನ ಅಂಗಳಕ್ಕೆ ಅಂತಲೇ ಹಿಂದೆ ಲೆಕ್ಕವಿತ್ತು. ಹಲ್ಲು ಬಂದು ಲೆಕ್ಕ ತಪ್ಪಿಸಿತ್ತು. ಹೆಸರುವಾಸಿ ಹಲ್ಲು ಇರುವ ಕೋಣೆಯನ್ನು ಮುಚ್ಚುವುದು ಹೇಗೆ? ಆಡಳಿತ ಮಂಡಳಿಯವರು ಕೋಣೆ ಉಳಿಸಿಕೊಂಡು, ದೇವಕಿಯನ್ನು ಕಾಯಂ ಮಾಡುವುದೆಂದು, ಅದನ್ನು ಭಾನುವಾರದ ಸಭೆಯಲ್ಲೇ ಸಾರುವುದೆಂದು ಹೇಳಿಕಳಿಸಿದ್ದರು. ಹನ್ನೊಂದು ವರ್ಷದ ಹಂಗಾಮಿ ಬದುಕು ಆ ನಾಲ್ಕು ಹಲ್ಲಿನ ಮೇಲೆ ನಿಂತಿತ್ತು.

ಬುಧವಾರ ಬೆಳಿಗ್ಗೆ ವೆಂಕಟ್ರಮಣ ಕೊಟ್ಟಿಗೆಯ ಪಕ್ಕದಿಂದ ಕೂಗಿದ: "ತಂಗೀ, ಬಾ ಇಲ್ಲಿ! ಬಾನಿ ಒಡೆದು ಹೋತು! ಚೊಗರು ಪೂರಾ ಸೋರ್ತಾ ಇದ್ದು!"

ಚೊಗರು ಅಂದರೆ ಅಡಿಕೆ ಬೇಯಿಸಿದ ನೀರು, ಕಪ್ಪುಗೆಂಪು, ಮಂದ. ಅದನ್ನು ಚೆಲ್ಲುವ ಕ್ರಮವಿಲ್ಲ. ಹಳೆಯ ಚೊಗರು ಹಾಕಿದರೇ ಹೊಸ ಅಡಿಕೆಗೆ ಬಣ್ಣ. ಹಾಗಾಗಿ ಸುಗ್ಗಿ ಮುಗಿದ ಮೇಲೆ ದೊಡ್ಡ ಮಣ್ಣಿನ ಬಾನಿಯಲ್ಲಿ ತುಂಬಿ ಮುಂದಿನ ವರ್ಷಕ್ಕೆ ಇಡುತ್ತಾರೆ. ಹೆಪ್ಪಿನ ಮೊಸರು ಉಳಿಸುವ ಹಾಗೆ. ಆ ಬಾನಿಯನ್ನು ತಿಕ್ಕಿ ತೊಳೆಯುವುದೂ ಇಲ್ಲ, ತಿಕ್ಕಿದರೆ ಬಣ್ಣ ಹೋಯಿತು ಅಂತ. ದೇವಕಿಯ ಅಜ್ಜಿಯ ಕಾಲದಿಂದ ಆ ಬಾನಿ ತಿಕ್ಕು ಕಂಡಿರಲಿಲ್ಲ. ಈ ವರ್ಷ ಸೀಳು ಬಿಟ್ಟಿತು.

ಅಣ್ಣ ತಂಗಿ ಸೇರಿ ಇದ್ದಷ್ಟು ಚೊಗರನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ಮೊಗೆದು ಹಾಕಿದರು. ತಳದಲ್ಲಿ ಒಂದು ಗೇಣು ರಾಡಿ. ಅದನ್ನು ಬಗ್ಗಿಸಿ ಚೆಲ್ಲಿದಾಗ ದೇವಕಿಯ ಕಣ್ಣಿಗೆ ಸಣ್ಣ ಮೂಳೆ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಥೂ ಅಂದು ಸಗಣಿ ಗುಂಡಿಗೆ ಎಸೆಯುತ್ತಿದ್ದರು. ಇವಳ ಹನ್ನೊಂದು ವರ್ಷದ ಚಟ ಎಲ್ಲಿ ಬಿಡುತ್ತದೆ! ಚಹಾ ಸೋಸುವ ಹಳೆಯ ಜರಡಿ ತಂದು ರಾಡಿ ತೊಳೆದಳು. ಮೂರು ದವಡೆ ಸಿಕ್ಕಿದವು. ಕಪ್ಪು ಕಂದು, ಎಣ್ಣೆ ಸವರಿದ ಹಾಗೆ ಮಿರಮಿರ.

ದೇವಕಿ ತಲೆ ಎತ್ತಿ ನೋಡಿದಳು. ಕೊಟ್ಟಿಗೆಯ ಮಾಡಿನ ಮೇಲೆ ಮೆಣಸಿನ ಬಳ್ಳಿ ಹಬ್ಬಿತ್ತು. ಮೆಣಸು ತಿನ್ನಲು ಬಂದದ್ದು ಕಾಲು ಜಾರಿ ಬಾನಿಗೆ ಬಿದ್ದಿರಬೇಕು, ಒಂದು ವರ್ಷ ಒಂದು, ಇನ್ನೊಂದು ವರ್ಷ ಇನ್ನೊಂದು. ಕೈಭೂತಗನ್ನಡಿ ಹಿಡಿದು ನೋಡಿದಳು. ಒಂದು ದವಡೆಯಲ್ಲಿ ಮೂರು ಹಲ್ಲೂ ಇದ್ದವು. ಮುಂದಿನ ಹಲ್ಲು ಬಳೆಯ ಹಾಗೆ ಸುತ್ತಿದ ಏಣಿನದು, ಅವಳ ಹೆಸರಿನದು. ಹಿಂದಿನ ಹಲ್ಲು, ಎಲ್ಲಕ್ಕಿಂತ ತಡವಾಗಿ ಹುಟ್ಟಿ ಇನ್ನೂ ಸವೆಯದೆ ಉಳಿದದ್ದು, ಪುಸ್ತಕದ ಚಿತ್ರದ ಹಾಗೆ ಓರೆ ಏಣಿನದು. ಎರಡೂ ಒಂದೇ ಬಾಯಲ್ಲಿ! ಅಳಿದ ಜಾತಿಯೂ ಇಲ್ಲ, ಅಜ್ಜನೂ ಇಲ್ಲ. ಮುದಿ ಮುಳ್ಳಿಲಿಯ ಸವೆದ ಹಲ್ಲು, ಅಷ್ಟೇ.

ಅಲ್ಲದೆ ೨೦೦೧ರ ಮಾರ್ಚಿನಲ್ಲಿ, ಕಾಲೇಜಿನ ನಲ್ಲಿಯಲ್ಲಿ ನೀರು ನಿಂತು ಸರ್ "ಎಲ್ಯರೆ ತೊಳಕೊಂಡ ಬರ್ರಿ" ಅಂದಾಗ, ಗವಿಯ ಮಣ್ಣಿನ ಚೀಲವನ್ನು ಸಿದ್ದಾಪುರದ ಬಸ್ಸಿನಲ್ಲಿ ಹಾಕಿಕೊಂಡು ಬಂದು ಅವಳು ನೆನೆಸಿದ್ದು ಇದೇ ಬಾನಿಯಲ್ಲಿ. ಚೊಗರನ್ನು ಬೇರೆ ಹಂಡೆಗೆ ಬಗ್ಗಿಸಿ, ತಳ ತಿಕ್ಕದೆ. ತಳದ ರಾಡಿಯಲ್ಲಿದ್ದ ಹಲ್ಲು ಗವಿಯ ಮಣ್ಣಿಗೆ ಬೆರೆತಿರಬೇಕು. ಯಾರು ತಿಕ್ಕುತ್ತಾರೆ ಚೊಗರಿನ ಬಾನಿಯನ್ನು?

ಆಯಿ ಹೊರಗೆ ಬಂದು ನೋಡಿದಳು. "ಎಂತಾತೆ ಕೂಸೆ? ಮುಖ ಬೆಳ್ಳಗಾಗೋತು!"

"ಎಂತ ಇಲ್ಲೆ ಆಯಿ. ಬಿಸಿಲು" ಅಂದಳು ದೇವಕಿ. ದವಡೆಗಳನ್ನು ಮಾತ್ರೆಯ ಖಾಲಿ ಶೀಷೆಗೆ ಹಾಕಿ ಸೆರಗಿನಲ್ಲಿ ಮುಚ್ಚಿಕೊಂಡಳು.

ಗುರುವಾರ ಬಸ್ಸಿನಲ್ಲಿ ಶಿರಸಿಯವರೆಗೂ ಒಂದೇ ಮಾತನ್ನು ಹೊಲಿದು ಬಿಚ್ಚಿ ಹೊಲಿದಳು. 'ಸರ್, ತಪ್ಪಾಗಿದೆ.' ಇಷ್ಟೇ. ಮರಾಠಿಕೊಪ್ಪದ ಸರ್ ಮನೆಯ ಮೆಟ್ಟಿಲು ಹತ್ತುವಾಗ ಅದನ್ನೇ ಇನ್ನೊಮ್ಮೆ ಹೇಳಿಕೊಂಡಳು.

"ಬಾ ಯವ್ವಾ" ಅಂದರು ಅನ್ನಪೂರ್ಣವ್ವ. "ಬೆಳಗಿಂದ ನಿನ್ನ ದಾರೀನs ಕಾಯಾಕತ್ತಾರ. ಭಾಷಣ ಅಂತ ಭಾಷಣ!"

ಸರ್ ಆರಾಮ ಕುರ್ಚಿಯಲ್ಲಿ ಕೂತು ಕೈ ಹೊಸೆಯುತ್ತಿದ್ದರು. ಐವತ್ತೆಂಟರ ಮನುಷ್ಯ ಮದುವೆ ಗಂಡಿನ ಹಾಗೆ ಹಿಗ್ಗಿದ್ದರು. "ಕೂಡ್ರಿ ದೇವಕಿ, ಕೂಡ್ರಿ. ಕಾಗದ ತಗೋರಿ. ನಾ ಹೇಳ್ತೀನಿ, ನೀವು ಬರೀರಿ. ಭಾನುವಾರ ನನ್ನ ಪರವಾಗಿ ನೀವs ಓದಬೇಕು."

"ಸರ್, ಅದಕ್ಕೂ ಮೊದಲು ಒಂದು ಮಾತು..."

"ಮಾತು ಆಮ್ಯಾಲೆ. ತಲಿಯಾಗ ಬಂದದ್ದು ಹೋಗಿಬಿಡ್ತೈತಿ. ಬರೀರಿ: ಈ ಕೆಲಸದಲ್ಲಿ ನನ್ನದು ಬರೀ ಬಾಯಿ, ಕಣ್ಣು ದೇವಕಿಯವರದು. ಬರದ್ರಿ?"

"ಬರೆದೆ, ಸರ್."

"ನನ್ನ ದೃಷ್ಟಿ ಹೋದ ಮೇಲೂ ನಾನು ಕುರುಡನಾಗಲಿಲ್ಲ. ಅವರು ಹೇಳಿದ್ದನ್ನು ನಾನು ಒಂದು ಸಲವೂ ಎರಡನೆಯ ಸಲ ಕೇಳಲಿಲ್ಲ. ಬರದ್ರಿ?"

"ಬರೆದೆ."

ತನ್ನ ಹೊಗಳಿಕೆಯನ್ನು ತಾನೇ ಕೂತು ಬರೆಯುವುದು! ಒಂದೊಂದು ವಾಕ್ಯವೂ ಅವಳ ಸುತ್ತ ಒಂದೊಂದು ಗಳ ಹುಗಿದು ಬೇಲಿ ಕಟ್ಟುತ್ತಿತ್ತು. ಎರಡು ಪುಟ ಮುಗಿಯುವಾಗ ಒಳಗಿನಿಂದ ಸಜ್ಜಿಗೆ ಬಂತು. ಸರ್ ಸಜ್ಜಿಗೆ ತಿನ್ನುತ್ತ, "ಏನೋ ಮಾತು ಅಂದ್ರಲ್ಲ?" ಅಂದರು.

ದೇವಕಿ ಆ ಮುಖ ನೋಡಿದಳು. "ಭಾನುವಾರ ಹಲ್ಲಿನ ಡಬ್ಬಿ ತರಬೇಕಾ ಅಂತ" ಅಂದಳು.

"ತರಬೇಕ್ರಿ, ತರಬೇಕು! ಜನಾ ನೋಡ್ಲಿ!"

ಥೂ ನನ್ನ ಜನ್ಮವೇ, ಅಂತ ವಾಪಸು ಬಸ್ಸಿನಲ್ಲಿ ತನಗೆ ತಾನೇ ಬೈದುಕೊಂಡಳು. ಆಮೇಲೆ ಇನ್ನೊಂದು ಯೋಚನೆ ಬಂತು. ಒಂದು ವೇಳೆ ಬಾನಿಯ ಹಲ್ಲು ಸವೆದು ಅದರ ಹಾಗೆ ಕಂಡದ್ದಷ್ಟೇ ಆಗಿದ್ದರೆ? ಕೋಣೆಯಲ್ಲಿರುವ ನಾಲ್ಕು ನಿಜವಾಗಿ ಗವಿಯವೇ, ಹಳೆಯವೇ ಆಗಿದ್ದರೆ? ಮುಳುಗುವವಳಿಗೆ ಅಷ್ಟು ಸಾಕಾಯಿತು. ಮನೆಗೆ ಬರುವ ಹೊತ್ತಿಗೆ ಅರ್ಧ ನಂಬಿಯೂ ಆಗಿತ್ತು. ಜಗಲಿಯಲ್ಲಿ ಆಯಿ ಕವಳ ಹಾಕಲು ಕೂತಿದ್ದಳು. ಎಲೆಗೆ ಸುಣ್ಣ ಸವರಿದ ಬೆರಳಲ್ಲೇ ಅಡಿಕೆ ಹೋಳು ಎತ್ತಿಕೊಂಡಳು. ಸುಣ್ಣ ತಾಗಿದ ಕಡೆ ಹೋಳು ಕೆಂಪಗಾಯಿತು. ಹುಟ್ಟಿದಾಗಿನಿಂದ ನೋಡಿದ್ದೇ. ದೇವಕಿ ಮಾತ್ರ ಆ ಹೋಳನ್ನೇ ನೋಡುತ್ತ ಜಗಲಿಯ ಕಟ್ಟೆಯ ಮೇಲೆ ಕೂತುಬಿಟ್ಟಳು.

ಮಣ್ಣಿನಲ್ಲಿ ಕಪ್ಪಾದ ಹಲ್ಲಿಗೆ ಸುಣ್ಣ ಹಚ್ಚಿದರೆ ಏನೂ ಆಗುವುದಿಲ್ಲ. ಚೊಗರಿನಲ್ಲಿ ಕಪ್ಪಾದ ಹಲ್ಲಿಗೆ ಹಚ್ಚಿದರೆ?

ಶುಕ್ರವಾರ ಪರೀಕ್ಷೆಯ ದಿನ, ಕಾಲೇಜಿನಲ್ಲಿ ಪಿಸುಮಾತಿಲ್ಲ. ಕೋಣೆಯ ಬಾಗಿಲು ಒಳಗಿನಿಂದ ಹಾಕಿಕೊಂಡು, ಆಯಿಯ ಸುಣ್ಣದ ಭರಣಿಯಿಂದ ಎಲೆಯ ತುದಿಯಲ್ಲಿ ತಂದ ಸುಣ್ಣವನ್ನು ಬಿಚ್ಚಿದಳು. ಮೊದಲು ಅದೇ ಚೀಲದ ಗವಿಮಣ್ಣಿನಲ್ಲಿ ಸಿಕ್ಕಿದ್ದ ಹೆಗ್ಗಣದ ಹಲ್ಲಿಗೆ ಕುಂಚದ ತುದಿಯಲ್ಲಿ ಮುಟ್ಟಿಸಿದಳು. ಕಪ್ಪು ಕಪ್ಪಾಗಿಯೇ ಇತ್ತು. ಆಮೇಲೆ ನಾಲ್ಕರಲ್ಲಿ ಸಣ್ಣದಕ್ಕೆ ಮುಟ್ಟಿಸಿದಳು. ಮೈಕ್ರೋಸ್ಕೋಪಿನ ದೀಪದ ಕೆಳಗೆ ಹಲ್ಲಿನ ಅಂಚು ಮೆಲ್ಲಗೆ ಕೆಂಪಗಾಯಿತು, ಕವಳ ಹಾಕಿದವರ ಬಾಯಿಯ ಹಾಗೆ.

ಅವಳು ಅಲ್ಲೇ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಬಾಯಿಗೆ ಸೆರಗು ತುರುಕಿಕೊಂಡು, ಹೊರಗೆ ಪರೀಕ್ಷೆ ಬರೆಯುವವರಿಗೆ ಕೇಳಬಾರದು ಅಂತ.

ಶನಿವಾರ ಅಣ್ಣನಿಗೆ ಹೇಳಿದಳು. ಯಾರಿಗಾದರೂ ಹೇಳದೆ ಇದ್ದರೆ ಎದೆ ಒಡೆಯುತ್ತಿತ್ತು. ವೆಂಕಟ್ರಮಣ ಕೆಟ್ಟವನಲ್ಲ, ತಂಗಿಯನ್ನು ಒಂದು ದಿನವೂ ಹಂಗಿಸಿದವನಲ್ಲ. ಅವನು ಮೊದಲು ನಕ್ಕ, ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ.

"ತಂಗೀ, ಆ ಹಲ್ಲನ್ನ ನೋಡೂಲೆ ಬಪ್ಪವು ಯಾರು? ನಿನ್ನ ಸರ್‌ಗೆ ಕಣ್ಣಿಲ್ಲೆ. ಬಾನಿ ಒಡೆದೋತು. ಮೂರು ದವಡೆ ಒಲೆಗೆ ಹಾಕಿರೆ ಮುಗತ್ತು."

"ಅವರಿಗೆ ಕಣ್ಣಿಲ್ಲೆ ಹೇಳಿಯೇ ಅಣ್ಣಾ" ಅಂದಳು ದೇವಕಿ. ಅವಳು ಹೇಳಿದ್ದೇ ಅವರಿಗೆ ಕಾಣುವುದು.

"ಆ ಮನುಷ್ಯ ನಾಡ್ದು ಮನೆಗೆ ಹೋಗಿ ಕೂತ್ಗತ್ತ. ಇದನ್ನ ಕೇಳಿಕ್ಕೆ ಕೂತ್ಗಳವಾ? ಅವರ ಮೇಲೆ ಕರುಣೆ ಇದ್ರೆ ಸುಮ್ಮಂಗಿರು."

ಅದೇ ತಾನೆ ಕಷ್ಟ! ಕೆಟ್ಟ ಮಾತಾಗಿದ್ದರೆ ತಳ್ಳಿಹಾಕಬಹುದಿತ್ತು. ಹೇಳಿದರೆ ಒಬ್ಬ ಒಳ್ಳೆಯ ಮನುಷ್ಯನ ಇಪ್ಪತ್ತು ವರ್ಷವನ್ನು ಅವನ ಕಣ್ಣೆದುರೇ ಸುಡಬೇಕು, ಆ ಬೆಂಕಿಯಲ್ಲಿ ತನ್ನ ಕೆಲಸವೂ ಹೋಗಬೇಕು. ಹೇಳದಿದ್ದರೆ ಸಾಯುವವರೆಗೆ ದಿನಾ ಆ ಕೋಣೆಗೆ ಹೋಗಿ, ಆ ಡಬ್ಬಿಯ ಎದುರು ಕೂತು, ಬಂದವರಿಗೆಲ್ಲ ತನ್ನ ಹೆಸರಿನ ಸುಳ್ಳನ್ನು ತೋರಿಸಬೇಕು. ಯಾವ ಬಾಗಿಲು ತೆರೆದರೂ ಎದುರಿಗೆ ಗೋಡೆ. ಅವತ್ತು ಮಧ್ಯಾಹ್ನ ಒಲೆಯ ಮುಂದೆ ಶೀಷೆ ಹಿಡಿದು ಅವಳು ಎಷ್ಟು ಹೊತ್ತು ನಿಂತಿದ್ದಳೋ, ಹಾಲು ಉಕ್ಕಿ ಒಲೆ ಆರಿತು. ಆಯಿ ಬೈದಳು. ಶೀಷೆ ವಾಪಸು ಚೀಲಕ್ಕೆ ಹೋಯಿತು.

ಭಾನುವಾರ ಸಭೆ ಹನ್ನೊಂದಕ್ಕೆ. ದೇವಕಿ ಎಂಟೂವರೆಗೇ ಮರಾಠಿಕೊಪ್ಪದಲ್ಲಿದ್ದಳು. ಸರ್ ಸ್ನಾನ ಮುಗಿಸಿ, ವಿಭೂತಿ ಹಚ್ಚಿ, ಹೊಸ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದರು. ಗುಂಡಿ ಒಂದು ಮೇಲೆ ಕೆಳಗೆ ಆಗಿತ್ತು, ಅನ್ನಪೂರ್ಣವ್ವ ಅದನ್ನು ಸರಿ ಮಾಡುತ್ತಿದ್ದರು. ದೇವಕಿ ನೆಲದ ಮೇಲೆ ಕೂತಳು. ಕೂತು, ತಲೆ ಎತ್ತದೆ, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಬಾನಿ, ರಾಡಿ, ಮೂರು ದವಡೆ, ಸುಣ್ಣ. ಹೇಳಿ ಮುಗಿಸಿ ಶೀಷೆಯಿಂದ ಮೂರು ಹಲ್ಲಿನ ದವಡೆ ತೆಗೆದು ಅವರ ಅಂಗೈಯಲ್ಲಿಟ್ಟಳು.

ಸರ್ ಅದನ್ನು ಹೆಬ್ಬೆರಳಿನಿಂದ ಸವರಿದರು. ಬಹಳ ಹೊತ್ತು ಸವರಿದರು.

"ಬಾನಿ ಯಾಕ ತಿಕ್ಕಲಿಲ್ರಿ?" ಅಂದರು ಕೊನೆಗೆ.

"ನಮ್ಮಲ್ಲಿ ಚೊಗರಿನ ಬಾನಿ ತಿಕ್ಕುವುದಿಲ್ಲ, ಸರ್."

"ಇಪ್ಪತ್ತು ವರ್ಷ!" ಕುರ್ಚಿಯ ಕೈಗೆ ಗುದ್ದಿದರು. "ಇಪ್ಪತ್ತು ವರ್ಷ ಗವಿ ಮಣ್ಣು ಹೊತ್ತು ತಂದದ್ದು ನಿಮ್ಮ ಬಾನಿ ತಳಾ ನೋಡಾಕೇನ್ರಿ?"

ಅಷ್ಟು ವರ್ಷದಲ್ಲಿ ಅವರು ಅವಳ ಮೇಲೆ ದನಿ ಎತ್ತಿದ್ದು ಅದೇ ಮೊದಲು. ದೇವಕಿ ಅಳಲಿಲ್ಲ, ಅಳು ಶುಕ್ರವಾರವೇ ಮುಗಿದಿತ್ತು. ಸರ್ ಮೆಲ್ಲಗೆ ಒರಗಿಕೊಂಡರು.

"ಡಬ್ಬಿ ತಂದೀರಿ?"

"ತಂದಿದ್ದೇನೆ."

"ನಾಲ್ಕರಾಗ ಹೆಸರು ಹೊತ್ತದ್ದು ದೊಡ್ಡ ಹಲ್ಲು. ಅದಕ್ಕs ಹಚ್ರಿ. ಅನ್ನಪೂರ್ಣಾ, ಎಲಿ ತಟ್ಟೆಯಾಗಿನ ಸುಣ್ಣ ಕೊಡು."

"ಸರ್, ಬೇಡ. ಸಣ್ಣದರಲ್ಲಿ ನೋಡಿಯಾಗಿದೆ. ಅದು ಹಾಳಾದರೆ..."

"ಹಚ್ರಿ ಅಂದೆ."

ದೇವಕಿ ಡಬ್ಬಿಯ ಹತ್ತಿಯೊಳಗಿಂದ ದೊಡ್ಡ ಹಲ್ಲನ್ನು ಎತ್ತಿ ಬಿಳಿ ತಟ್ಟೆಯ ಮೇಲೆ ಇಟ್ಟಳು. ಕುಂಚದ ತುದಿಯಲ್ಲಿ ಸುಣ್ಣ ಮುಟ್ಟಿಸಿದಳು. ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದಳು.

"ಏನ್ ಬಣ್ಣ ಬಂತು, ಹೇಳ್ರಿ."

ಅವಳು ತಲೆ ಎತ್ತಿದಳು. ಕುರ್ಚಿಯ ಹಿಂದೆ ನಿಂತ ಅನ್ನಪೂರ್ಣವ್ವ ಎರಡೂ ಕೈ ಜೋಡಿಸಿ, ತುಟಿ ಅಲ್ಲಾಡಿಸದೆ, ಬೇಡ ಬೇಡ ಅಂತ ತಲೆಯಾಡಿಸುತ್ತಿದ್ದರು. ಕಣ್ಣಲ್ಲಿ ನೀರು. ಕರಿ ಅಂದರೆ ಸಾಕಿತ್ತು. ಎರಡಕ್ಷರ. ಸರ್ ನಂಬುತ್ತಿದ್ದರು, ಅವಳು ಹೇಳಿದ್ದನ್ನು ಅವರು ಒಂದು ಸಲವೂ ಎರಡನೆಯ ಸಲ ಕೇಳಿದವರಲ್ಲ. ಅದನ್ನು ಗುರುವಾರ ಅವಳೇ ಬರೆದಿದ್ದಳು.

"ಕೆಂಪು, ಸರ್" ಅಂದಳು ದೇವಕಿ.

"ಇಲ್ರೀ!" ಅನ್ನಪೂರ್ಣವ್ವ ಮುಂದೆ ಬಂದರು. "ಆಕಿಗೆ ಹೆದರಿಕಿಗೆ ಹಂಗ ಕಾಣತೈತಿ. ನಾ ನೋಡಾಕತ್ತೀನಲ್ಲ, ಕರ್ರಗನs ಐತ್ರಿ!"

ಸರ್ ತುಟಿಯ ಮೂಲೆ ಸ್ವಲ್ಪ ಅಲ್ಲಾಡಿತು.

"ಅನ್ನಪೂರ್ಣಾ, ನೀ ಕನ್ನಡಕ ಹಾಕ್ಕೊಂಡಿಲ್ಲ. ಹಾಕ್ಕೊಂಡಿದ್ರ ನನ್ನ ಅಂಗಿ ಗುಂಡಿ ಮೊದಲನೇ ಸಲಕ್ಕs ಸರಿ ಆಗ್ತಿತ್ತು. ಸಾಸಿವಿಯಷ್ಟು ಹಲ್ಲಿನ ಬಣ್ಣಾ ಹೇಳ್ತೀ ಏನ?"

ಅನ್ನಪೂರ್ಣವ್ವ ಬಾಯಿಗೆ ಸೆರಗು ಹಚ್ಚಿಕೊಂಡು ಅತ್ತೇಬಿಟ್ಟರು. "ನಿಮಗೇನ್ರಿ, ನಾಳಿಂದ ಮನ್ಯಾಗ ಕೂತು ಉಣ್ತೀರಿ. ಈಕೀದು? ಇವತ್ತ ಕಾಯಂ ಮಾಡಾಕ ನಿಂತಾರ. ಹಲ್ಲು ಹೋದ್ರ ಈಕಿಗೆ ಏನ್ ಉಳಿತೈತ್ರಿ?"

ಅನ್ನಪೂರ್ಣವ್ವ ಸುಳ್ಳು ಹೇಳಿದ್ದು ತನಗಾಗಿ ಅಂತ ದೇವಕಿಗೆ ಆಗ ತಿಳಿಯಿತು. ಅಲ್ಲಿಯವರೆಗೆ ಗಂಡನಿಗಾಗಿ ಅಂದುಕೊಂಡಿದ್ದಳು. ಎದ್ದು ಹೋಗಿ ಅವರ ಭುಜ ಹಿಡಿದುಕೊಂಡಳು.

"ಬಣ್ಣ ನೋಡಿ ಹಳೇದು ಅಂದದ್ದು ನಾನು" ಅಂದರು ಸರ್, ಗೋಡೆಯ ಕಡೆ ಮುಖ ಮಾಡಿ. "ಆವಾಗ ನನ್ನ ಎಡಗಣ್ಣು ಇತ್ತು. ಕಣ್ಣಿದ್ದವನs ಹಂಗ ಅಂದಿದ್ದೆ." ಬೀದಿಯಲ್ಲಿ ಆಟೋ ಒಂದು ಬಂದು ನಿಂತ ಸದ್ದಾಯಿತು. ಕಾಲೇಜಿನಿಂದ ಹಾರ ಹಾಕಿಸಿಕೊಳ್ಳುವವರನ್ನು ಕರೆದೊಯ್ಯಲು ಬಂದದ್ದು.

"ಇನ್ನೂ ಟೈಮ್ ಐತಿ, ಕೂಡ್ಲಿ ಅಂತ ಹೇಳು" ಅಂದರು ಹೆಂಡತಿಗೆ. "ದೇವಕಿ, ಭಾಷಣದ ಕಾಗದ ಐತಲ್ಲ, ತಿರುವಿ ಹಾಕ್ರಿ. ಹಿಂದ ಖಾಲಿ ಐತಿ. ಹೊರದೇಶದ ಪತ್ರಿಕೆಯವರಿಗೆ ಒಂದು ಪತ್ರ. ಮೊದಲು ಅದನ್ನ ಸಭಾದಾಗ ಓದೋಣು, ನಾಳೆ ಇಂಗ್ಲಿಷ್‌ನಾಗ ಮಾಡಿ ಟಪಾಲಿಗೆ ಹಾಕೋಣು. ಓದಾಕ ಆಗ್ತೈತಿ?"

"ಓದುತ್ತೇನೆ, ಸರ್."

ಅವಳು ಕಾಗದ ತಿರುವಿ ತೊಡೆಯ ಮೇಲೆ ಇಟ್ಟುಕೊಂಡಳು. ಹಿಂಬದಿಯ ಅಕ್ಷರಗಳು ಮಸುಕಾಗಿ ಈಚೆಗೆ ಮೂಡಿದ್ದವು. ನಾಲ್ಕು ದಿನದ ಮೇಲೆ ಮೊದಲ ಸಲ ಅವಳಿಗೆ ಹಸಿವೆಯಾಗಿತ್ತು, ಅದು ಅವಳಿಗೇ ನಾಚಿಕೆ ತಂದಿತು.

ಸರ್ ನಿಧಾನವಾಗಿ ಹೇಳತೊಡಗಿದರು. ಪ್ರಾಣಿಯ ಪೂರ್ತಿ ಹೆಸರು ಬಂತು. ಶಾಸ್ತ್ರದ ಹೆಸರನ್ನು ಕೈಯಲ್ಲಿ ಬರೆದರೆ ಕೆಳಗೆ ಗೆರೆ ಎಳೆಯಬೇಕು, ಅದು ಅವರೇ ಕಲಿಸಿದ್ದು. ದೇವಕಿ ತನ್ನ ಹೆಸರನ್ನು ಬರೆದು, ಕೆಳಗೆ ನೀಟಾಗಿ ಗೆರೆ ಎಳೆದಳು.

"...ಎಂಬ ಹೆಸರಿನ ಪ್ರಾಣಿ ಇಲ್ಲ, ಎಂದೂ ಇರಲಿಲ್ಲ." ಸರ್ ನಿಲ್ಲಿಸಿದರು. "ಬರದ್ರಿ?"

"ಬರೆದೆ, ಸರ್."